ಡಾಂಬರು ಬಳಿದ ಹಡಗು

ನಮ್ಮ ಮನೆಯ ಪಡಸಾಲೆಯಲ್ಲಿ ಟಿ.ವಿ.ಯ ಪಕ್ಕಕ್ಕೆ ಒಂದು ಗಾಜಿನ ಪೆಟ್ಟಿಗೆ ಇದೆ. ಒಳಗೆ ಏನೂ ಇಲ್ಲ. ಬಂದವರು ಮೀನು ಸಾಕುತ್ತೀರಾ ಎಂದು ಕೇಳುತ್ತಾರೆ. ಹೊಳೆದಂಡೆಯವರ ಮನೆಯ ಮಗಳ ಜೊತೆ ಇಷ್ಟು ವರ್ಷ ಬಾಳಿದವನಿಗೆ ಗಾಜಿನಲ್ಲಿ ಮೀನು ಸಾಕುವ ಹುಚ್ಚು ಹಿಡಿಯುತ್ತದೆಯೇ ಎಂದು ಕೇಳಬೇಕೆನಿಸುತ್ತದೆ. ಆದರೆ ಹೂಂ ಎನ್ನುತ್ತೇನೆ. ಆ ಪೆಟ್ಟಿಗೆಯನ್ನು ನಾನು ಮಾಡಿಸಿದ್ದು ಒಂದು ಹಡಗಿಗಾಗಿ. ಹಡಗು ಮನೆಯಲ್ಲೇ ಇದೆ, ಆದರೆ ಪೆಟ್ಟಿಗೆಯಲ್ಲಲ್ಲ, ಅಡುಗೆಮನೆಯಲ್ಲಿ. ಅದನ್ನು ಕಟ್ಟಿದವಳು ನನ್ನ ಹೆಂಡತಿ. ಅವಳು ಈಗ ಇಲ್ಲ.

ನಾನು ಕಾಲುವೆಯಲ್ಲಿ ಗೇಟು ಎತ್ತಿ ಇಳಿಸುವ ನೌಕರಿಯಲ್ಲಿದ್ದೆ. ಮೊದಲು ನಾರಾಯಣಪುರ ಡ್ಯಾಮಿನ ಕ್ವಾರ್ಟರ್ಸಿನಲ್ಲಿ, ಆಮೇಲೆ ಶಹಾಪುರದ ಕಡೆ. ಮೇಲಿನಿಂದ ಫೋನು ಬಂದರೆ ಗೇಟು ಇಷ್ಟು ಎತ್ತಬೇಕು, ಇಷ್ಟು ಇಳಿಸಬೇಕು, ಅಷ್ಟೇ ಕೆಲಸ. ನೀರು ಕಡೆಯ ಹೊಲಕ್ಕೆ ಮುಟ್ಟದಿದ್ದರೆ ರೈತರು ನನ್ನನ್ನು ಬೈಯುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ, ಅವರಿಗಿಂತ ಒಂದು ಮಾತು ಜಾಸ್ತಿಯೇ ಬೈಯುತ್ತಿದ್ದೆ. ಇವನ ಬಾಯಿ ಒರಟು ಎಂದು ಶಹಾಪುರದಿಂದ ದೋರನಹಳ್ಳಿಯ ತನಕ ಜನಕ್ಕೆ ಗೊತ್ತು. ಆ ಬಾಯಿಗೆ ಉತ್ತರ ಕೊಡಬಲ್ಲವಳು ಒಬ್ಬಳೇ ಇದ್ದಳು, ಅವಳೇ ನನ್ನ ಪಾಲಿಗೆ ಬಂದಳು. ನಾರಾಯಣಪುರದ ಕೆಳಗೆ ಕೃಷ್ಣೆಯ ದಂಡೆಯ ಹಳ್ಳಿಯವಳು. ಅವಳ ಅಪ್ಪ ಬಿದಿರಿನ ಹರಗೋಲು ಹೆಣೆದು, ಆಚೆ ದಂಡೆಗೆ ಜನರನ್ನು, ಕುರಿಗಳನ್ನು, ಜೋಳದ ಚೀಲಗಳನ್ನು ದಾಟಿಸುತ್ತಿದ್ದವನು. ನಮ್ಮ ಮದುವೆಯಲ್ಲಿ ಅವಳ ಗೆಳತಿಯರು, ಹೊಳೆಗೆ ಕಟ್ಟೆ ಹಾಕಿದ್ದು ಸಾಲದೆ ಹೊಳೆಯ ಮಗಳನ್ನೂ ಹೊತ್ತುಕೊಂಡು ಹೊರಟ ಎಂದು ನನ್ನನ್ನು ಕಾಡಿಸಿದ್ದರು. ನಾನು ಕಟ್ಟಿದ ಕಟ್ಟೆಯೇ ಅದು? ನಾನು ಬರೀ ಗೇಟು ತಿರುಗಿಸುವವನು.

ನಾನು ನಿವೃತ್ತನಾಗುವ ಹೊತ್ತಿಗೆ ನಮ್ಮ ದೊಡ್ಡ ಸಾಹೇಬರಿಗೂ ವರ್ಗವಾಯಿತು. ಕ್ವಾರ್ಟರ್ಸು ಖಾಲಿ ಮಾಡುವಾಗ ಅವರು ಸಾಮಾನು ಹಂಚಿದರು. ಜೀಪಿನ ಡ್ರೈವರನಿಗೆ ಕೂಲರು, ಅಡುಗೆಯವನಿಗೆ ಮಂಚ, ನನಗೆ ಒಂದು ಉದ್ದನೆಯ ರಟ್ಟಿನ ಡಬ್ಬಿ. ಮಿಕ್ಸರ್ ಇರಬೇಕು ಎಂದು ಹಿಗ್ಗಿ ಮನೆಗೆ ತಂದೆ. ಬಿಚ್ಚಿದರೆ ಒಳಗೆ ತೆಳ್ಳನೆಯ ಹಲಗೆ, ಕಡ್ಡಿ, ಪಟ್ಟಿ, ನೂಲಿನ ಉಂಡೆ, ಬಿಳಿ ಬಟ್ಟೆಯ ತುಂಡು. ಡಬ್ಬಿಯ ಮೇಲೆ ಹಾಯಿ ಬಿಚ್ಚಿ ನಿಂತ ದೊಡ್ಡ ಹಡಗಿನ ಚಿತ್ರ. ಈ ಕಡ್ಡಿಗಳನ್ನು ಅಂಟಿಸಿ ಹೋದರೆ ಅಂಥ ಹಡಗು ಆಗುತ್ತದಂತೆ.

"ಸಾಹೇಬ್ರು ಒಲಿಗೆ ಪುಳ್ಳಿ ಕೊಟ್ಟು ಕಳಿಸ್ಯಾರ್ರಿ," ಎಂದು ಹೆಂಡತಿ ನಕ್ಕಳು. ಡಬ್ಬಿ ಅಟ್ಟ ಸೇರಿತು.

ಅದಾಗಿ ಎರಡು ವರ್ಷಕ್ಕೆ ಅವಳಿಗೆ ಲಕ್ವಾ ಹೊಡೆಯಿತು. ನಮ್ಮ ಕಡೆ ಬೆಳಗು ಎಂದರೆ ಮನೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ಅಂದು ನಮ್ಮ ಮನೆಯ ಸದ್ದು ನಡುವೆ ನಿಂತಿತು. ಹಿಟ್ಟು ಮುಗಿಯಿತೇನೋ ಎಂದುಕೊಂಡು ನಾನು ಕೂತಲ್ಲಿಂದಲೇ ಚಹಾ ಕೇಳಿದೆ. ಚಹಾ ಬರಲಿಲ್ಲ. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದಳು. ಬಲಗೈ ಹಿಟ್ಟಿನ ಮೇಲೆ ಬಿದ್ದಿತ್ತು. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಿಯಾಗಿತ್ತು.

ಜೀವ ಉಳಿಯಿತು, ಕಾಲು ಸ್ವಲ್ಪ ಎಳೆದುಕೊಂಡು ನಡೆಯುವಷ್ಟಾಯಿತು. ಮಾತು ತೊದಲಿದರೂ ಹರಿತ ಕಡಿಮೆಯಾಗಲಿಲ್ಲ. ಬಲಗೈ ಮಾತ್ರ ಬರಲಿಲ್ಲ. ಒಂದು ಕೈಯಲ್ಲಿ ಎಲ್ಲವನ್ನೂ ಮಾಡಬಹುದು, ರೊಟ್ಟಿ ಬಡಿಯಲಾಗುವುದಿಲ್ಲ. ನಾನು ನೆರೆಮನೆಯವರಿಂದ ರೊಟ್ಟಿ ಮಾಡಿಸಿ ತರತೊಡಗಿದೆ. ಅವಳು ಅದನ್ನು ಮುಟ್ಟಲಿಲ್ಲ.

"ಕೈ ಇದ್ದಾಗ ಮಂದಿಗೆ ರೊಟ್ಟಿ ಮಾಡಿ ಹಾಕ್ದಾಕಿ ನಾ. ಈಗ ಮಂದಿ ಕೈಯಾಗಿಂದು ತಿನ್ನಂಗಿಲ್ಲ. ಅನ್ನ ಇಡ್ರಿ ಸಾಕು."

ಹುಟ್ಟಿದಾಗಿನಿಂದ ಜೋಳದ ರೊಟ್ಟಿಯಲ್ಲೇ ಬೆಳೆದವಳು ಕಾಲುವೆ ನೀರಿನ ಅಕ್ಕಿಯ ಅನ್ನವನ್ನು ಔಷಧಿಯ ಹಾಗೆ ನುಂಗುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಎರಡೂ ಒಟ್ಟಿಗೆ ಬಂದಾಗ ನನ್ನ ಬಾಯಿಂದ ಹೊರಗೆ ಬೀಳುವುದು ಸಿಟ್ಟೇ.

ಬೆರಳು ಸಡಿಲವಾಗಲು ಹರಳು ಆರಿಸುವ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರು. ಬೀದಿಯ ಜಲ್ಲಿಯನ್ನು ತಂದುಕೊಟ್ಟರೆ ಎಸೆದಳು. ಅವಳ ತಮ್ಮ ಹೊಳೆದಂಡೆಯಿಂದ ನುಣ್ಣನೆಯ ಹರಳುಗಳನ್ನು ಒಂದು ಬಟ್ಟೆಯ ಚೀಲದಲ್ಲಿ ತಂದುಕೊಟ್ಟ. ಅವುಗಳನ್ನು ಸ್ಟೀಲಿನ ಬಟ್ಟಲಿಗೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟುಕೊಂಡಳು. ಬೆಳಿಗ್ಗೆ ಊರೆಲ್ಲ ರೊಟ್ಟಿ ಬಡಿಯುವ ಹೊತ್ತಿಗೆ ಇವಳು ಬಲಗೈಯಿಂದ ಒಂದೊಂದೇ ಹರಳು ಎತ್ತಿ ಹೊರಗಿಡುವುದು, ಮತ್ತೆ ಒಂದೊಂದೇ ಬಟ್ಟಲಿಗೆ ಹಾಕುವುದು. ಅರ್ಧಕ್ಕರ್ಧ ಕೆಳಗೆ ಬೀಳುತ್ತಿದ್ದವು. ನಾನು ಬಗ್ಗಿ ಆರಿಸಿ ಕೊಡುತ್ತಿದ್ದೆ.

ದೀಪಾವಳಿಗೆ ಮುಂಚೆ ಮಗಳು ಮನೆ ಬಳಿಯಲು ಬಂದಳು. ಅವಳು ಸುರಪುರದಲ್ಲಿ ಶಾಲೆಯ ಟೀಚರು, ಅಲ್ಲೇ ಗಂಡನ ಮನೆ. ಅಟ್ಟ ಗುಡಿಸುವಾಗ ಡಬ್ಬಿ ಸಿಕ್ಕಿತು. ಇಲಿ ಒಂದು ಮೂಲೆಯನ್ನು ಕಡಿದಿತ್ತು, ಒಳಗಿನ ಸಾಮಾನೆಲ್ಲ ನೆಟ್ಟಗಿತ್ತು.

"ಯವ್ವಾ, ಹರಳು ಬ್ಯಾಸರಕಿ ಬಂದ್ರ ಇದನ್ನ ಮಾಡು," ಎಂದು ತಾಯಿಯ ಮುಂದೆ ಹರವಿದಳು.

ಹೆಂಡತಿ ಡಬ್ಬಿಯ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಇದಕ್ಕ ಮೂಗ ಯಾಕದ?" ಎಂದಳು.

ಹರಗೋಲು ಬುಟ್ಟಿಯಂತೆ ದುಂಡಗೆ ಇರುತ್ತದೆ. ಅದಕ್ಕೆ ಮುಂದು ಇಲ್ಲ, ಹಿಂದು ಇಲ್ಲ. ಮುಂದೆ ಚೂಪಾದ, ಹಿಂದೆ ಎತ್ತರವಾದ ದೋಣಿಯನ್ನು ಅವಳು ನೆಚ್ಚಲಿಲ್ಲ. "ಮೂಗ ಮುಂದ ಮಾಡ್ಕೊಂಡು ಯಾರ ಮ್ಯಾಲೋ ಜಗಳಕ್ಕ ಹೊಂಟಾಂಗ ಅದ. ಥೇಟ್ ನಿಮ್ಮಂಗ," ಎಂದು ನನ್ನ ಕಡೆ ನೋಡಿದಳು. ಲಕ್ವಾ ಹೊಡೆದ ಮೇಲೆ ಅವಳ ನಗು ಒಂದು ಬದಿಗೆ ಹೋಗುತ್ತಿತ್ತು. ಆ ನಗುವನ್ನು ಅಂದೇ ಬಹಳ ದಿನಕ್ಕೆ ಕಂಡೆ. ಮಾಡುವುದಾದರೆ ಮಾಡಲಿ ಎಂದುಕೊಂಡೆ.

ಮಾಡಲು ಒಂದು ಕೈ ಸಾಲದು. ಅವಳ ಎಡಗೈ ಅಂಟು ಹಚ್ಚಿದರೆ ನನ್ನ ಕೈ ಹಿಡಿದುಕೊಳ್ಳಬೇಕು. ಮೊದಲು ಉದ್ದನೆಯ ಬೆನ್ನೆಲುಬಿನ ಹಲಗೆ, ಅದಕ್ಕೆ ಅಡ್ಡಲಾಗಿ ಪಕ್ಕೆಲುಬಿನಂಥ ತುಂಡುಗಳು, ಅವುಗಳ ಮೇಲೆ ತೆಳ್ಳನೆಯ ಪಟ್ಟಿಗಳನ್ನು ಬಾಗಿಸಿ ಒಂದರ ಪಕ್ಕ ಒಂದು ಕೂರಿಸಬೇಕು. ಅಂಟು ಒಣಗುವ ತನಕ ಬಟ್ಟೆಯ ಕ್ಲಿಪ್ಪು ಹಾಕಿಡಬೇಕು. ಹಗ್ಗದ ಮೇಲೆ ನನ್ನ ಅಂಗಿ ಕ್ಲಿಪ್ಪಿಲ್ಲದೆ ಗಾಳಿಗೆ ಹಾರಿ ಮನೆಯ ಮುಂದಿನ ಕಾಲುವೆಗೆ ಬಿದ್ದು ದೋರನಹಳ್ಳಿಯ ಕಡೆ ಹೊರಟುಹೋಯಿತು. ಅದನ್ನು ಹೇಳಿದರೆ, "ಹೋಗ್ಲಿ ಬಿಡ್ರಿ, ಅಲ್ಲಿ ಮಂದಿ ಗುರ್ತ ಹಿಡ್ದು ಬೈತಾರ," ಎಂದಳು.

ಪಟ್ಟಿ ಬಾಗಿಸುವುದು ಅವಳಿಗೆ ಗೊತ್ತಿತ್ತು. ಅಪ್ಪ ಹರಗೋಲು ಹೆಣೆಯುವಾಗ ಬಿದಿರಿನ ಸೀಳುಗಳನ್ನು ನೆನೆಹಾಕುವುದು ಹೆಣ್ಣುಮಕ್ಕಳ ಕೆಲಸವಾಗಿತ್ತಂತೆ. ಆದರೆ ಬಿದಿರಿನ ಲೆಕ್ಕ ಈ ಮರಕ್ಕೆ ಹೊಂದಲಿಲ್ಲ. ಮೊದಲ ಪಟ್ಟಿಗಳನ್ನು ನೆನೆಹಾಕಿ ಮರೆತಳು, ಅವು ಮೆತ್ತಗಾಗಿ ಸಿಪ್ಪೆಯಂತೆ ಎದ್ದವು. ಆಮೇಲೆ ಬೇಗ ತೆಗೆದು ಬಾಗಿಸಹೋಗಿ ಲಟಕ್ಕನೆ ಮುರಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಹಂಗಿಸುತ್ತಿದ್ದೆ. ಯಾಕೆಂದರೆ ಅವಳು ಪ್ರತಿ ಸಲ ಸಾಹೇಬರ ಮರವನ್ನೇ ಬೈಯುತ್ತಿದ್ದಳು. ಮುರಿದ ಪಟ್ಟಿಗಳ ಜಾಗಕ್ಕೆ ಊದಿನಕಡ್ಡಿಯ ಡಬ್ಬಿಯ ರಟ್ಟು ಸೇರಿತು. ಈಗಲೂ ಎಡಬದಿಯಲ್ಲಿ ಬೆರಳಾಡಿಸಿದರೆ ಆ ಜಾಗ ಗೊತ್ತಾಗುತ್ತದೆ.

ಒಂದು ದಿನ ನಾನು, ಇದು ಮುಗಿದರೆ ಟಿ.ವಿ.ಯ ಪಕ್ಕ ಇಡೋಣ, ಗಾಜಿನ ಪೆಟ್ಟಿಗೆ ಮಾಡಿಸುತ್ತೇನೆ, ಬಂದವರು ನೋಡಲಿ ಎಂದೆ. ಅವಳು ಅಂಟಿನ ಕಡ್ಡಿಯನ್ನು ಕೆಳಗಿಟ್ಟಳು.

"ನೀರು ಕಾಣದ ದೋಣಿ ಮನಿಯಾಗ ಇಡಬಾರದ್ರಿ. ಮೊದಲ ನೀರಿಗಿ ಇಳಿಸಬೇಕು, ಆಮ್ಯಾಲ ಮನಿಗಿ ತರಬೇಕು."

ಇದು ಆಟದ ಸಾಮಾನು, ದೋಣಿಯಲ್ಲ ಎಂದರೆ ಒಪ್ಪಲಿಲ್ಲ. ಅವಳ ತವರಿನಲ್ಲಿ ಹೊಸ ಹರಗೋಲು ಮುಗಿದ ದಿನವೇ ನೀರು ಮುಟ್ಟಬೇಕು. ಬರಿದಾಗಿ ಇಳಿಸುವಂತಿಲ್ಲ. ಒಳಗೆ ಜೋಳ ಹಾಕಬೇಕು, ಮನೆಯ ಹೆಣ್ಣುಮಗಳೊಬ್ಬಳು ಕೂಡಬೇಕು. ಸಣ್ಣವಳಿದ್ದಾಗ ಅಪ್ಪ ಹೆಣೆದ ಪ್ರತಿಯೊಂದು ಹರಗೋಲಿನಲ್ಲೂ ಮೊದಲು ಕೂತವಳು ತಾನೇ ಎಂದು ಹೇಳುವಾಗ ಅವಳ ಕುತ್ತಿಗೆ ಸ್ವಲ್ಪ ಎತ್ತರವಾಗುತ್ತಿತ್ತು. ಆಚೆ ದಂಡೆ ಮುಟ್ಟಿ ಬಂದ ಮೇಲೆ ಆ ಜೋಳವನ್ನು ಬೀಸಿ ರೊಟ್ಟಿ ಮಾಡಿ ಮನೆಮಂದಿಯೆಲ್ಲ ಹಂಚಿ ತಿನ್ನುತ್ತಿದ್ದರಂತೆ.

"ಬರಿದ ಇಳಿಸಿದ್ರ ಏನಾಗ್ತದ?" ಎಂದು ಕೇಳಿದೆ.

"ನಾವು ತುಂಬಿಸ್ಲಿಲ್ಲಂದ್ರ ಹೊಳಿ ತಾನ ತುಂಬಿಸ್ಕೊಂತದ."

ಬಚ್ಚಲಿನ ಟಬ್ಬಿನಲ್ಲಿ ಇಳಿಸಿದರಾಯಿತು ಎಂದೆ. ನಿಂತ ನೀರು ನಡೆಯುವುದಿಲ್ಲವಂತೆ, ಹರಿಯುವ ನೀರೇ ಆಗಬೇಕು. ಕೊನೆಗೆ ಮನೆಯ ಮುಂದಿನ ಕಾಲುವೆಯೇ ಹೊಳೆ ಎಂದು ಒಪ್ಪಂದವಾಯಿತು. ಹೇಗಿದ್ದರೂ ಕೃಷ್ಣೆಯದೇ ನೀರು, ನನ್ನ ಕೈಯಿಂದಲೇ ಎಷ್ಟು ವರ್ಷ ಹರಿದ ನೀರು. ನನಗೊಂದು ಆಸೆಯೂ ಹುಟ್ಟಿತು. ಆ ರೊಟ್ಟಿಯನ್ನಾದರೂ ತಿನ್ನುತ್ತೀಯಾ ಎಂದು ಕೇಳಿದೆ.

"ತಿಂತೀನಿ," ಎಂದಳು. "ಇನ್ನ ರೊಟ್ಟಿ ಮುಟ್ಟಿದ್ರ ಆ ಜ್ವಾಳದ ರೊಟ್ಟಿನೇ ಮುಟ್ಟಾಕಿ. ಬಡಿಯಾಕ ನಿಮ್ಮ ಮಗಳಿಗಿ ಹೇಳ್ರಿ."

"ಮತ್ತ ಇದರಾಗ ಕೂಡೋರು ಯಾರು?"

"ನಾನೇ ಕೂಡ್ತೀನಿ ಬಿಡ್ರಿ. ಕೂಡಾಕಿ ನಾನೇ ಅಲ್ಲೇನು ಮೊದ್ಲಿಂದ?"

ಅಂದಿನಿಂದ ಅದು ನನ್ನ ಹಡಗೂ ಆಯಿತು. ಗಾಜಿನ ಪೆಟ್ಟಿಗೆ ಆಮೇಲೆ, ಮೊದಲು ಅವಳು ರೊಟ್ಟಿ ತಿನ್ನಲಿ. ಕಾಲುವೆಯ ನೀರು ಮಾರ್ಚ್ ಕೊನೆಗೆ ಬಂದ್ ಆಗುತ್ತದೆ. ಅದರೊಳಗೆ ಮುಗಿಸಬೇಕು ಎಂದು ಇಬ್ಬರೂ ಕೂತೆವು.

ಕಂಬಗಳು ನಿಂತವು. ಬಿಳಿ ಬಟ್ಟೆಯ ಹಾಯಿಗಳನ್ನು ಮಗಳು ಭಾನುವಾರ ಬಂದಾಗ ಹೊಲಿದು ಕೊಟ್ಟಳು. ತಡವಾದದ್ದು ನೂಲಿನ ಕೆಲಸ. ಕಂಬದಿಂದ ಕಂಬಕ್ಕೆ, ಕಂಬದಿಂದ ಬದಿಗೆ ಜೇಡರ ಬಲೆಯ ಹಾಗೆ ನೂಲು ಕಟ್ಟಬೇಕು. ಚಿತ್ರದಲ್ಲಿದ್ದ ಸಣ್ಣ ಗಂಟು ಅವಳಿಗೆ ಬರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಅಪ್ಪ ಹಾಕುತ್ತಿದ್ದ ದಪ್ಪ ಗಂಟು, ಬಿದಿರಿಗೆ ಬಿದಿರು ಬಿಗಿಯುವುದು. ಒಂದು ತುದಿಯನ್ನು ಅವಳು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ನಾನು ಎಳೆದು, ನಡುವೆ ಅವಳ ಎಡಗೈ. ಕೆಲವೊಮ್ಮೆ ಬಲಗೈಯ ಹೆಬ್ಬೆರಳು ನೂಲನ್ನು ಒತ್ತಿ ಹಿಡಿಯುತ್ತಿತ್ತು. ಇಬ್ಬರೂ ಅದನ್ನು ನೋಡಿಯೂ ನೋಡದಂತೆ ಇರುತ್ತಿದ್ದೆವು. ದೃಷ್ಟಿಯಾದೀತು ಎಂಬ ಹೆದರಿಕೆ. ಕಟ್ಟಿ ಮುಗಿಸಿದಾಗ ಹಡಗು, ಮೇವು ಹೇರಿದ ಬಂಡಿಯ ಹಾಗೆ ಗಂಟುಗಂಟಾಗಿ ಕಂಡಿತು. ನನಗೆ ಮಾತ್ರ ಅದರಷ್ಟು ಚಂದದ್ದು ಶಹಾಪುರದಲ್ಲಿ ಇನ್ನೊಂದಿಲ್ಲ ಅನಿಸಿತು.

ಹಡಗಿನ ಮೇಲ್ಗಡೆ ನಡುವೆ ಒಂದು ಚೌಕದ ಮುಚ್ಚಳ ಬರುತ್ತದೆ. ಅದನ್ನು ಅಂಟಿಸಬೇಕೆಂದು ಚಿತ್ರದಲ್ಲಿತ್ತು. ಅವಳು ಅಂಟಿಸಲಿಲ್ಲ. ಅದರ ಕೆಳಗಿನ ಹಲಗೆಯನ್ನೂ ಚಾಕುವಿನಿಂದ ಕೊರೆಸಿ ತೂತು ಮಾಡಿಸಿದಳು. ಯಾಕೆ ಕೆಡಿಸುತ್ತೀ ಎಂದರೆ, "ಜ್ವಾಳ ಎಲ್ಲಿಂದ ಹಾಕ್ತೀರಿ, ಮೂಗಿನಿಂದ?" ಎಂದು ಕೇಳಿದಳು.

ಇನ್ನೇನು ಮುಗಿಯಿತು ಎನ್ನುವಾಗ ಒಂದು ಭಾನುವಾರ ನಾನು ಗಾಜಿನ ಪೆಟ್ಟಿಗೆ ತರಲು ಶಹಾಪುರದ ಬಜಾರಿಗೆ ಹೋದೆ. ಹತ್ತಿ ವ್ಯಾಪಾರದ ಗಾಡಿಗಳ ನಡುವೆ, ಗಾಜನ್ನು ಮಗುವಿನ ಹಾಗೆ ಎದೆಗವಚಿಕೊಂಡು ಆಟೋದಲ್ಲಿ ಮನೆಗೆ ಬಂದರೆ ಹಿತ್ತಲಿನಿಂದ ಹೊಗೆ, ಡಾಂಬರಿನ ಘಾಟು. ತಾಯಿ ಮಗಳು ಮೂರು ಕಲ್ಲು ಹೂಡಿ ಡಾಲ್ಡಾ ಡಬ್ಬಿಯಲ್ಲಿ ಡಾಂಬರು ಕಾಸುತ್ತಿದ್ದರು. ಕಾಲುವೆ ರಸ್ತೆಗೆ ಡಾಂಬರು ಹಾಕುವವರ ಡ್ರಮ್ಮಿನಿಂದ ಮಗಳು ಬೇಡಿ ತಂದಿದ್ದಳು. ಹಡಗಿನ ಹೊಟ್ಟೆಯೆಲ್ಲ ಕರ್ರಗೆ. ಅಷ್ಟು ದಿನ ಉಜ್ಜಿ ಉಜ್ಜಿ ನುಣುಪು ಮಾಡಿದ ಪಟ್ಟಿಗಳ ಒಂದು ಗೆರೆಯೂ ಕಾಣುತ್ತಿರಲಿಲ್ಲ. ಹರಗೋಲಿಗೆ ಡಾಂಬರು ಬಳಿಯುವುದು ರೂಢಿ. ದೋಣಿ ಎಂದರೆ ಅವಳಿಗೆ ಡಾಂಬರು. ಗಾಜಿನೊಳಗೆ ನೋಡಲೆಂದೇ ಮಾಡಿದ ಗೊಂಬೆಹಡಗಿಗೆ ಲೋಕದಲ್ಲಿ ಯಾರಾದರೂ ರಸ್ತೆಯ ಡಾಂಬರು ಬಳಿದಾರೆಯೇ?

ನಾನು ಕೂಗಾಡಿದೆ. ಕೋತಿಯ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತು ಎಂದೆ. ಮಗಳು ತಲೆ ತಗ್ಗಿಸಿದಳು. ಹೆಂಡತಿ ಬ್ರಷ್ಷನ್ನು ಎಡಗೈಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದಳು.

"ಡಾಂಬರ ಇಲ್ಲಂದ್ರ ನೀರು ಕುಡೀತದ. ನೀರು ಕುಡ್ದ್ರ ಜ್ವಾಳ ತೋಯ್ತದ. ತೋಯ್ದ ಜ್ವಾಳದ ರೊಟ್ಟಿ ಆಗಂಗಿಲ್ಲ. ನಿಮಗ ಚಂದ ಬೇಕು, ನನಗ ರೊಟ್ಟಿ ಬೇಕು."

ಮನೆ ಒಂದು ವಾರ ನಾರುತ್ತಿತ್ತು. ನಾನು ಊಟಕ್ಕೆ ಕೂತಾಗಲೆಲ್ಲ ಸಾರಿನಲ್ಲಿ ಡಾಂಬರು, ಮಜ್ಜಿಗೆಯಲ್ಲಿ ಡಾಂಬರು ಎಂದು ಗೊಣಗಿದೆ. ಅವಳು, ಮೂಗು ಮುಂದೆ ಇದ್ದವರಿಗೆ ವಾಸನೆ ಜಾಸ್ತಿ ಎಂದಳು. ಜಗಳ ಅಲ್ಲಿಗೆ ಮುಗಿಯಿತು. ಡಾಂಬರು ಒಣಗಲಿ, ಮುಂದಿನ ಭಾನುವಾರ ಮಗಳು ಬಂದಾಗ ನೀರಿಗೆ ಇಳಿಸುವುದು ಎಂದು ತೀರ್ಮಾನವಾಯಿತು.

ಆ ವರ್ಷ ಡ್ಯಾಮಿನಲ್ಲಿ ನೀರು ಕಡಿಮೆಯಿತ್ತು. ಮೇಲಿನವರು ಕಾಲುವೆಯನ್ನು ಎಂದಿಗಿಂತ ಮೊದಲೇ ಬಂದ್ ಮಾಡಿದರು. ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದರೆ ಕಾಲುವೆಯ ಗೋಡೆಯ ಮೇಲೆ ಪಾಚಿಯ ಹಸಿ ಗೆರೆ, ತಳದಲ್ಲಿ ಅಲ್ಲಲ್ಲಿ ನಿಂತ ಗುಂಡಿನೀರು, ಅದರಲ್ಲಿ ಒದ್ದಾಡುವ ಸಣ್ಣ ಮೀನು. ನನ್ನ ಜಾಗಕ್ಕೆ ಬಂದಿದ್ದ ಗೇಟಿನವನ ಹತ್ತಿರ ಹೋಗಿ ಕೇಳಿದೆ. ಯಾರಿಗೋ ಒಬ್ಬರಿಗಾಗಿ ಗೇಟು ಎತ್ತಲಾಗುವುದಿಲ್ಲ ಎಂದು ಎಷ್ಟೋ ಜನರನ್ನು ಹಿಂದಕ್ಕೆ ಕಳಿಸಿದವನು ನಾನು. ಅವನೂ ಅದನ್ನೇ ಹೇಳಿದ. ಅದೂ ಬಹಳ ಮರ್ಯಾದೆಯಿಂದ.

"ಕಾಕಾ, ನಿಮಗ ಗೊತ್ತಿಲ್ದದ್ದು ಏನದ್ರಿ? ಮ್ಯಾಲ ನೀರೇ ಇಲ್ಲ."

ಹಾಗಾದರೆ ಹೊಳೆಗೇ ಹೋಗೋಣ, ಗಾಡಿ ಮಾಡುತ್ತೇನೆ ಎಂದೆ. ಬಿಸಿಲು ಕಾದ ಹಂಚಿನಂತಿತ್ತು. ಬಿ.ಪಿ. ಏರುಪೇರಾಗುತ್ತಿದೆ, ಪ್ರಯಾಣ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಮಳಿಗಾಲಕ್ಕ ನೀರು ಬಿಡ್ತಾರಲ್ಲ. ಹೊಳಿ ಎಲ್ಲಿ ಓಡಿ ಹೋಗ್ತದ? ರೊಟ್ಟಿ ತಿನ್ನಾಕ ನನಗ ಅವಸರ ಇಲ್ಲ."

ಅಲ್ಲಿಯ ತನಕ ಹಡಗು ಮನೆಯೊಳಗೆ ಬರುವಂತಿರಲಿಲ್ಲ. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ, ಮಂಚದ ಮೇಲೆ ಹಳೆಯ ಸೀರೆ ಹೊದಿಸಿಟ್ಟಳು. ಬೆಳಿಗ್ಗೆ ಹರಳು ಆರಿಸಿದ ಮೇಲೆ ಹೋಗಿ ಸೀರೆ ಸರಿಸಿ ನೋಡಿ ಬರುತ್ತಿದ್ದಳು. ಹರಳುಗಳು ಈಗ ಅಷ್ಟು ಕೆಳಗೆ ಬೀಳುತ್ತಿರಲಿಲ್ಲ. ಒಮ್ಮೊಮ್ಮೆ ನಾನು ಬಗ್ಗುವ ಕೆಲಸವೇ ಇರುತ್ತಿರಲಿಲ್ಲ.

ಮೇ ತಿಂಗಳಲ್ಲಿ ಎರಡನೆಯ ಸಲ ಲಕ್ವಾ ಬಂತು. ಮಧ್ಯಾಹ್ನದ ಊಟ ಮಾಡಿ ಮಲಗಿದವಳು ಏಳಲಿಲ್ಲ. ಕಲಬುರಗಿಗೆ ಒಯ್ದೆವು. ಅಲ್ಲಿ ಕಣ್ಣು ತೆರೆದು ನನ್ನನ್ನು ನೋಡಿದಳು, ತುಟಿ ಅಲುಗಿತು, ಸದ್ದು ಬರಲಿಲ್ಲ. ನನಗೆ ಒಂದು ಮಾತು ತಿರುಗಿ ಹೇಳದೆ ಅವಳು ಸುಮ್ಮನಾದದ್ದು ಆ ಒಂದೇ ಸಲ. ಅದಾದ ಮೂರನೆಯ ದಿನ ಅವಳನ್ನು ಶಹಾಪುರದ ಮಣ್ಣಿಗೆ ಕೊಟ್ಟು ಬಂದೆವು.

ಮಣ್ಣಿಗೆ ಬಂದವರು ಹಿತ್ತಲಿನಲ್ಲಿ ಕೈಕಾಲು ತೊಳೆಯುವಾಗ ಸೀರೆಯ ಕೆಳಗಿನ ಹಡಗನ್ನು ಕಂಡರು. ಅವಳ ತಮ್ಮ ನನ್ನನ್ನು ಪಕ್ಕಕ್ಕೆ ಕರೆದ.

"ಮಾವಾ, ಇದನ್ನ ನೀರಿಗಿ ಇಳಿಸಿದ್ರೇನು?"

ಇಲ್ಲ ಎಂದೆ.

"ಇಳಿಸಲಾರದ ಇಟ್ಕೊಂಡು ಕೂತಿರೇನು ಇಷ್ಟು ದಿನ?" ಎಂದ. ಅವನ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಸಿಟ್ಟಿತ್ತು. ಆ ಎರಡು ಕೂಡಿದರೆ ಏನಾಗುತ್ತದೆಂದು ನನಗೆ ಗೊತ್ತಿದ್ದರಿಂದ ಅವನ ಮೇಲೆ ನಾನು ಹರಿಹಾಯಲಿಲ್ಲ. ಆದರೆ ಮರದ ಆಟಿಕೆಯೊಂದು ನನ್ನ ಹೆಂಡತಿಯನ್ನು ಒಯ್ದಿತು ಎಂಬ ಅವನ ಮನಸ್ಸಿನ ಮಾತನ್ನು ನನ್ನಿಂದ ಒಪ್ಪಿಕೊಳ್ಳಲಾಗಲಿಲ್ಲ. ಎಲ್ಲರೂ ಹೋದ ಮೇಲೆ ಹಡಗನ್ನು ಎತ್ತಿ ತಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟೆ. ಈಗ ಬೇಡ ಎನ್ನಲು ಯಾರಿದ್ದಾರೆ? ನನ್ನ ಹಟ ನಡೆಯಿತು. ಅಂಥ ಗೆಲುವು ಯಾರಿಗೂ ಬೇಡ.

ಗಾಜಿನೊಳಗೆ ಅದು ಸರಿಯಾಗಿ ಕೂರಲೂ ಇಲ್ಲ. ಸೆಕೆಗೆ ಡಾಂಬರು ಮೆತ್ತಗಾಗಿ ತಳಕ್ಕೆ ಹತ್ತಿಕೊಂಡಿತು. ಪೆಟ್ಟಿಗೆಯ ಮುಚ್ಚಳ ತೆರೆದರೆ ಘಾಟು ಮುಖಕ್ಕೆ ಹೊಡೆಯುತ್ತಿತ್ತು. ನಾನು ದಿನಕ್ಕೊಮ್ಮೆ ತೆರೆಯುತ್ತಿದ್ದೆ. ಅಡುಗೆಮನೆಯ ಕಿಟಕಿಯಲ್ಲಿ ಹರಳಿನ ಬಟ್ಟಲು ಹಾಗೇ ಇತ್ತು. ಬೆಳಿಗ್ಗೆ ನೆರೆಹೊರೆಯ ರೊಟ್ಟಿಯ ಸದ್ದು ಶುರುವಾದರೆ ನಾನು ಎದ್ದು ಹೊರಗೆ ಹೋಗಿಬಿಡುತ್ತಿದ್ದೆ.

ಜುಲೈಯಲ್ಲಿ ಘಟ್ಟದ ಕಡೆ ಮಳೆಯಾಗಿ ಡ್ಯಾಮು ತುಂಬಿತು. ಕಾಲುವೆಗೆ ನೀರು ಬಿಡುತ್ತಾರೆ ಎಂದು ಡಂಗುರ ಹೊಡೆದರು. ನಾನು ಮಗಳಿಗೆ ಫೋನು ಮಾಡಿ, ಭಾನುವಾರ ಬಾ ಎಂದಷ್ಟೇ ಹೇಳಿದೆ. ಅವಳು ಜೋಳ ಕಟ್ಟಿಕೊಂಡೇ ಬಂದಳು.

ಭಾನುವಾರ ಬೆಳಿಗ್ಗೆ ಕಾಲುವೆ ಕೆಂಪಗೆ, ದಂಡೆ ತುಂಬಿ ಹರಿಯುತ್ತಿತ್ತು. ಬಟ್ಟೆ ಒಗೆಯುವ ಮೆಟ್ಟಿಲ ಹತ್ತಿರ ನೀರು ಸ್ವಲ್ಪ ನಿಧಾನ, ಅಲ್ಲಿಗೆ ಹೋದೆವು. ಮತ್ತೆ ಮನೆಗೆ ತರಬೇಕಾದ್ದರಿಂದ ಹಡಗಿನ ಮೂಗಿಗೆ ಉದ್ದನೆಯ ನೂಲು ಕಟ್ಟಿದ್ದೆ. ಮಗಳು ಮುಚ್ಚಳ ತೆಗೆದು ಒಂದು ಹಿಡಿ ಜೋಳ ಸುರಿದಳು. ನಾನು ಕೊನೆಯ ಮೆಟ್ಟಿಲಿಗೆ ಇಳಿದು ಹಡಗನ್ನು ನೀರಿನ ಮೇಲಿಟ್ಟು ಕೈ ಸಡಿಲಿಸಿದೆ. ಅದು ತಕ್ಷಣ ಒಂದು ಬದಿಗೆ ವಾಲಿತು. ಮೇಲೆ ಕಂಬ, ಹಾಯಿ, ಅವಳ ದಪ್ಪ ದಪ್ಪ ಗಂಟುಗಳು. ಕೆಳಗೆ ಭಾರವೇ ಇಲ್ಲ. ಹಾಯಿಯ ತುದಿ ನೀರು ಮುಟ್ಟುವಷ್ಟರಲ್ಲಿ ಮಗಳು ಬಗ್ಗಿ ಹಿಡಿದಳು. ಮತ್ತೊಮ್ಮೆ ಇಟ್ಟೆ, ಮತ್ತೆ ವಾಲಿತು. ಇಷ್ಟು ಕಾದು, ಇಷ್ಟೆಲ್ಲ ಆಗಿ, ಕಡೆಗೆ ಇದು ನಿಲ್ಲುವುದೇ ಇಲ್ಲವೇ ಎಂದು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ಜ್ವಾಳ ಹಗುರಾತು ಅಪ್ಪಾ," ಎಂದಳು ಮಗಳು. "ಕೂಡೋರು ಯಾರೂ ಇಲ್ಲಲ್ಲ ಇದರಾಗ."

ನಾನು ಅವಳ ಕೈಗೆ ಹಡಗು ಕೊಟ್ಟು ಮನೆಗೆ ಬಂದೆ. ಅಡುಗೆಮನೆಯ ಕಿಟಕಿಯಿಂದ ಬಟ್ಟಲನ್ನು ತೆಗೆದುಕೊಂಡೆ. ಅಷ್ಟು ದಿನ ಅದನ್ನು ಮುಟ್ಟಿರಲಿಲ್ಲ, ಹರಳುಗಳ ಮೇಲೆ ಧೂಳು ಕೂತಿತ್ತು. ಅವುಗಳನ್ನು ಅಂಗಿಯಲ್ಲಿ ಒರೆಸುತ್ತಾ ಕಾಲುವೆಗೆ ಹೋದೆ. ಅವಳು ಬಲಗೈಯಿಂದ ಹೇಗೆ ಹಾಕುತ್ತಿದ್ದಳೋ ಹಾಗೆ ಒಂದೊಂದೇ ಹರಳನ್ನು ಆ ಚೌಕದ ತೂತಿನಲ್ಲಿ ಬಿಟ್ಟೆ. ಜೋಳದ ಮೇಲೆ ಬಿದ್ದದ್ದರಿಂದ ಸದ್ದಾಗಲಿಲ್ಲ. ಮುಚ್ಚಳ ಹಾಕಿ ಮತ್ತೆ ನೀರಿನ ಮೇಲಿಟ್ಟೆ.

ಹಡಗು ಸ್ವಲ್ಪ ಕೆಳಗಿಳಿದು, ಎರಡು ಸಲ ಓಲಾಡಿ, ನೆಟ್ಟಗೆ ನಿಂತಿತು. ಗಾಳಿಗೆ ಹಾಯಿ ಉಬ್ಬಿತು. ನೂಲು ನನ್ನ ಬೆರಳನ್ನು ಜಗ್ಗತೊಡಗಿತು.

"ಕುಂತಳು ನೋಡಪ್ಪಾ," ಎಂದಳು ಮಗಳು. ಆಮೇಲೆ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ. ದಂಡೆಯ ಮೇಲೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ನಿಂತು ನೋಡಿದ. ಎಂದೋ ನೀರಿಗಾಗಿ ನನ್ನಿಂದ ಬೈಸಿಕೊಂಡವನೇ ಇರಬೇಕು. ಆಮೇಲೆ ಎತ್ತುಗಳ ಹಿಂದೆ ಹೊರಟುಹೋದ.

ನೂಲು ಮುಗಿಯುವ ತನಕ ಬಿಟ್ಟು, ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು ಮನೆಗೆ ತಂದೆವು. ಅಡುಗೆಮನೆಯಲ್ಲಿ ಮೊರದ ಮೇಲೆ ಹಡಗನ್ನು ಬೋರಲು ಮಾಡಿದೆ. ಹರಳೂ ಜೋಳವೂ ಒಟ್ಟಿಗೆ ಬಿದ್ದವು. ಕೈ ಹಾಕಿ ನೋಡಿದೆ. ಒಂದು ಕಾಳೂ ತೊಯ್ದಿರಲಿಲ್ಲ. ಅವಳ ಡಾಂಬರು ಒಂದು ಹನಿ ನೀರನ್ನೂ ಒಳಗೆ ಬಿಟ್ಟಿರಲಿಲ್ಲ.

ಅವಳು ದಿನಾಲೂ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಜಾಗದಲ್ಲೇ ಕೂತು ನಾನು ಹರಳು ಆರಿಸಿದೆ. ಆರಿಸಿದ್ದನ್ನು ಬಟ್ಟಲಿಗೆ ಹಾಕಿದೆ. ಮಗಳು ಆ ಹಿಡಿ ಜೋಳವನ್ನು ಮಿಕ್ಸರಿನಲ್ಲಿ ನುಣ್ಣಗೆ ಮಾಡಿ, ಬಿಸಿನೀರು ಹಾಕಿ ನಾದಿ, ಬಡಿಯತೊಡಗಿದಳು. ಒಂದು ವರ್ಷದಿಂದ ನಮ್ಮ ಮನೆಯಲ್ಲಿ ಕೇಳದ ಸದ್ದು. ಅಂಗೈಯಗಲದ ಒಂದೇ ರೊಟ್ಟಿ ಆಯಿತು. ಬಿಸಿಯಾಗಿರುವಾಗಲೇ ಮುರಿದು ತಟ್ಟೆಗೆ ಹಾಕಿ ನನ್ನ ಮುಂದೆ ಇಟ್ಟು ತಾನೂ ಕೂತಳು.

ಬಾಯಿಗಿಟ್ಟರೆ ಡಾಂಬರಿನ ವಾಸನೆ. "ಡಾಂಬರ ನಾರ್ತದ," ಎಂದು ರೂಢಿಯಂತೆ ಗೊಣಗಿದೆ. ಯಾರೂ ತಿರುಗಿ ಏನೂ ಅನ್ನಲಿಲ್ಲ. ನನ್ನ ತುಂಡನ್ನು ನಾನು ತಿಂದೆ, ತನ್ನದನ್ನು ಮಗಳು ತಿಂದಳು. ಆಗ ತಟ್ಟೆ ನೋಡಿದೆವು. ಮಗಳು ರೊಟ್ಟಿಯನ್ನು ಮೂರು ತುಂಡು ಮಾಡಿದ್ದಳು. ಮೂರನೆಯದನ್ನು ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.